ಇಲಿಯ ಬಣ್ಣ ಬದಲಾದರೆ ಮೊದಲು ಕಣ್ಣು ನೋಡಿ

ಪ್ರಯೋಗಕ್ಕೆ ಬೇಕಾದ ಇಲಿಗಳ ಬ್ರೀಡಿಂಗ್ ನೋಡಿಕೊಳ್ಳುವುದು ನನ್ನ ಕೆಲಸ. ಕಪ್ಪು ಇಲಿಗಳ ಕೇಜ್‌ನಲ್ಲಿ ಬೇರೆ ಬಣ್ಣದ ಮರಿ ಕಂಡರೆ ಸಾಕು, ಹೊಸದಾಗಿ ಸೇರಿದವರು ಓಡಿ ಬರುತ್ತಾರೆ. "ಹೊಸ ಮ್ಯುಟೇಶನ್!" ಅಂತ, ಅಂದರೆ ಜೀನ್‌ನಲ್ಲೇ ಹೊಸ ಬದಲಾವಣೆ. ಇರಬಾರದು ಅಂತೇನಿಲ್ಲ. ಆದರೆ ನಾನು ಮೊದಲು ಅನುಮಾನಪಡುವುದು ಇಲಿ ಅದಲುಬದಲಾಗಿದೆಯಾ ಅಂತ.

ಮೊದಲು ಕಣ್ಣು ನೋಡಬೇಕು. ಆಗಷ್ಟೇ ಹುಟ್ಟಿದ ಮರಿಗೆ ಕೂದಲಿಲ್ಲ, ಕಣ್ಣೂ ಬಿಟ್ಟಿರುವುದಿಲ್ಲ. ಆದರೂ ಮುಚ್ಚಿದ ರೆಪ್ಪೆಯೊಳಗೆ ಕಪ್ಪು ಬೊಟ್ಟು ಎದ್ದು ಕಾಣುತ್ತದೆ. ಆಲ್ಬಿನೊ, ಅಂದರೆ ಮೈಯಲ್ಲಿ ಬಣ್ಣವೇ ತಯಾರಾಗದ ಮರಿ ಆಗಿದ್ದರೆ ಆ ಜಾಗ ಬರೀ ಗುಲಾಬಿ. ಮೈಬಣ್ಣ ಗೊತ್ತಾಗಲು ಇನ್ನೂ ಕೆಲವು ದಿನ ಕಾಯಬೇಕು.

ಕಣ್ಣು ಇಷ್ಟು ಹೇಳುವುದಕ್ಕೆ ಕಾರಣವಿದೆ. ಕೂದಲಿಗೆ ಬಣ್ಣ ಕೊಡುವ ಕೋಶಗಳು ಭ್ರೂಣದ ಬೆನ್ನಿನ ಕಡೆಯಿಂದ ಹೊರಟು ಮೈಯೆಲ್ಲ ಹರಡಿಕೊಳ್ಳಬೇಕು. ಕಣ್ಣಿನೊಳಗಿನ ಪರದೆಯಾದ ರೆಟಿನಾದ ಹಿಂದಿನ ಕಪ್ಪು ಪದರಕ್ಕೆ ಆ ಪ್ರಯಾಣವೇ ಇಲ್ಲ, ಅದು ಕಣ್ಣಿನ ಜೊತೆಗೇ ಬೆಳೆಯುತ್ತದೆ. ಕಿಟ್ ಅನ್ನುವ ಜೀನ್ ಕೆಟ್ಟರೆ ಆ ಬಣ್ಣದ ಕೋಶಗಳು ಚರ್ಮ ತಲುಪಿ ಉಳಿಯುವುದಿಲ್ಲ. ಆಗ ಮೈ ಬಿಳಿ, ಕಣ್ಣು ಕಪ್ಪು. ಟೈರೊಸಿನೇಸ್ ಜೀನ್ ಕೆಟ್ಟರೆ ಬಣ್ಣದ ತಯಾರಿಯೇ ನಿಂತುಹೋಗುತ್ತದೆ, ಎರಡೂ ಕಡೆ ಇಲ್ಲ. ಅಂದಹಾಗೆ ಕಿಟ್ ವಿಷಯ ಬರೀ ಬಣ್ಣದ್ದಲ್ಲ. ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬರುವ ಅದರ ಎರಡೂ ಪ್ರತಿ ಕೆಟ್ಟ ಇಲಿಗಳಿಗೆ ರಕ್ತಹೀನತೆ, ಬಂಜೆತನವೂ ಇರಬಹುದು. ಹೊಟ್ಟೆಯ ಮೇಲೆ ಪುಟ್ಟ ಬಿಳಿ ಮಚ್ಚೆ ಅಥವಾ ಕಚ್ಚಾಡಿದ ಗಾಯದ ಮೇಲೆ ಬಿಳಿ ಕೂದಲು ಬಂದರೆ ತಲೆ ಕೆಡಿಸಿಕೊಳ್ಳಬೇಡಿ.

ಇನ್ನು ಕಪ್ಪು ಜೋಡಿಗೆ ಕಂದು ಮರಿ ಹುಟ್ಟಿದರೆ? ಬೆನ್ನಿನ ಒಂದು ಕೂದಲು ಕಿತ್ತು ಮೈಕ್ರೋಸ್ಕೋಪಿನಲ್ಲಿ ನೋಡಿ. ತುದಿ ಕಪ್ಪು, ಅದರ ಕೆಳಗೆ ಹಳದಿ ಪಟ್ಟಿ, ಮತ್ತೆ ಕಪ್ಪು. ಇದು ಅಗೂಟಿ. ಒಂದು ಪ್ರತಿ ಇದ್ದರೂ ಕಾಣಿಸಿಕೊಳ್ಳುವ ಜೀನ್ ಇದು. ಸಿ57ಬಿಎಲ್/6 ಎಂಬ ಕಪ್ಪು ತಳಿಯ ಇಲಿಯಲ್ಲಿ ಕೆಲಸ ಮಾಡುವ ಅಗೂಟಿ ಪ್ರತಿ ಒಂದೂ ಇಲ್ಲ. ತೀರಾ ಅಪರೂಪಕ್ಕೆ ಜೀನ್ ಹಿಂದಿನ ರೂಪಕ್ಕೆ ಮರಳುವುದುಂಟು. ಅದು ಬಿಟ್ಟರೆ ಹೊರಗಿನ ಇಲಿಯೊಂದು ಈ ಕೇಜಿಗೇ ಬಂದಿದೆ ಅಂತ ಅರ್ಥ. ಬಾಲ್ಬ್/ಸಿ ಎಂಬ ಆಲ್ಬಿನೊ ತಳಿಯ ಬಿಳಿ ಇಲಿ ಒಳಗೊಳಗೇ ಅಗೂಟಿ ಇಟ್ಟುಕೊಂಡಿರುತ್ತದೆ, ಕಪ್ಪು ಇಲಿ ಜೊತೆ ಸೇರಿದರೆ ಮರಿಗಳೆಲ್ಲ ಅಗೂಟಿ.

ಗುಲಾಬಿ ಕಣ್ಣಿನ ಬಿಳಿ ಮರಿ ಹುಟ್ಟಿದರೆ ಲೆಕ್ಕ ಬೇರೆ. ಆಲ್ಬಿನೊ ಆಗಲು ಅಪ್ಪ ಅಮ್ಮ ಇಬ್ಬರಿಂದಲೂ ಒಂದೊಂದು ಪ್ರತಿ ಬರಬೇಕು. ಅಂದರೆ ಬೆರಕೆ ಆಗಿದ್ದರೆ ಅದು ಈ ಕೇಜ್‌ನಲ್ಲಲ್ಲ, ಅಜ್ಜ ಅಜ್ಜಿಯ ಕಾಲಕ್ಕೋ ಅದಕ್ಕೂ ಹಿಂದೆಯೋ ಆಗಿದೆ. ಈ ಕೇಜ್ ಒಂದನ್ನೇ ತೆಗೆದು ಕೈ ತೊಳೆದುಕೊಂಡರೆ ಆಗಲಿಲ್ಲ. ಹಳೇ ಬ್ರೀಡಿಂಗ್ ದಾಖಲೆ ತೆಗೆದು ಆ ಜೋಡಿಗಳ ಸಂತತಿಯನ್ನೆಲ್ಲ ಬೇರೆ ಇಡಬೇಕು.

ಬಣ್ಣ ಸರಿಯಿದೆ ಅಂತ ಇಲಿಯೂ ಸರಿಯಿದೆ ಅನ್ನುವಂತಿಲ್ಲ. ಆ ಕಪ್ಪು ತಳಿಯ ಉಪತಳಿಗಳಾದ ಸಿ57ಬಿಎಲ್/6ಜೆ, 6ಎನ್ ಎರಡೂ ಕಪ್ಪೇ. ಆದರೆ 6ಎನ್‌ನಲ್ಲಿ ರೆಟಿನಾ ಕೆಡಿಸುವ ಆರ್‌ಡಿ8 ಮ್ಯುಟೇಶನ್ ಇದೆ. ಡಿಬಿಎ/2ಜೆ ತಳಿಯ ಇಲಿಗೆ ವಯಸ್ಸಾದಂತೆ ಐರಿಸ್‌ನ ಬಣ್ಣ ಉದುರಿ, ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬರುತ್ತದೆ. ಸಿ3ಹೆಚ್ ತಳಿಯ ಇಲಿಯ ಕಪ್ಪು ಕಣ್ಣು ನೋಡಲು ಚೆನ್ನಾಗಿರುತ್ತದೆ, ಆದರೆ ಸಾಮಾನ್ಯವಾಗಿ ಅದರಲ್ಲಿ ರೆಟಿನಾ ಕೆಡಿಸುವ ಇನ್ನೊಂದು ಮ್ಯುಟೇಶನ್ ಆರ್‌ಡಿ1 ಇರುವುದರಿಂದ ಮೂರ್ನಾಲ್ಕು ವಾರಕ್ಕೇ ಕುರುಡು. ಅಂಥ ಇಲಿಯನ್ನು ನೀರಿನ ಮೇಜ್‌ಗೆ (ನೀರಿನಲ್ಲಿ ಅಡಗಿದ ಪ್ಲಾಟ್‌ಫಾರ್ಮನ್ನು ಸುತ್ತಲಿನ ಗುರುತು ನೋಡಿ ಹುಡುಕುವ ನೆನಪಿನ ಪರೀಕ್ಷೆಗೆ) ಬಿಟ್ಟು, ಪ್ಲಾಟ್‌ಫಾರ್ಮ್ ಸಿಗಲಿಲ್ಲ, ನೆನಪಿನ ಶಕ್ತಿ ಕಡಿಮೆ ಅಂತ ಬರೆದರೆ ಹೇಗೆ ಅಲ್ವಾ? ಅದಕ್ಕೇ ಬೇರೆ ತಳಿ ಬೆರೆತ ಇಲಿ ಕೇಳಿದವರಿಗೆ ಆರ್‌ಡಿ1, ಆರ್‌ಡಿ8 ಎರಡರ ಪಿಸಿಆರ್ (ಡಿಎನ್‌ಎ ಪರೀಕ್ಷೆ) ಆಗುವವರೆಗೆ ನಾನು ಕೇಜ್ ಕೊಡುವುದಿಲ್ಲ.