ಬೆಂಚಿನಿಂದ ಮೈಕಿಗೆ

ಕಲಬುರಗಿಯಲ್ಲಿ ರಾತ್ರಿ ಹತ್ತಾದರೂ ಮಾಳಿಗೆ ಇನ್ನೂ ಕಾದೇ ಇದೆ. ನಿದ್ದೆ ಬಾರದೆ ಮೊಬೈಲಿನಲ್ಲಿ 1977ರ ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ಫೈನಲ್ ನೋಡಿದೆ. ಗೆದ್ದ ವಿಶ್ವವಿದ್ಯಾಲಯದ ಹೆಸರನ್ನು (Marquette) ‘ಮಾರ್ಕೆಟ್’ ಎಂದೇ ಉಚ್ಚರಿಸಬೇಕಂತೆ. ನಮ್ಮ ಸೂಪರ್ ಮಾರ್ಕೆಟ್ ನೆನಪಾಗಿ ನಗು ಬಂತು. ನಾರ್ತ್ ಕ್ಯಾರೊಲಿನಾ ವಿರುದ್ಧ 67-59. ಆಟ ಮುಗಿಯುವ ಮುನ್ನವೇ ಗೆಲ್ಲುತ್ತಿದ್ದ ತಂಡದ ಕೋಚ್ ಅಲ್ ಮೆಗ್ವೈರ್ ಬೆಂಚಿನಲ್ಲಿ ಕುಳಿತು ಅಳುತ್ತಿದ್ದರು. ಕೋಚ್ ಆಗಿ ಅದೇ ಕೊನೆಯ ಪಂದ್ಯ. ಆಮೇಲೆ ಎನ್‌ಬಿಸಿ ಟಿವಿಯಲ್ಲಿ ಮಾತಿನ ಕೆಲಸ. 1979ರಲ್ಲಿ ಆಟಗಾರರಾದ ಮ್ಯಾಜಿಕ್ ಜಾನ್ಸನ್, ಲ್ಯಾರಿ ಬರ್ಡ್ ಎದುರುಬದುರಾದ ಕಾಲೇಜು ಫೈನಲ್‌ಗೂ ಮೈಕ್ ಹಿಡಿದವರಲ್ಲಿ ಅವರೂ ಒಬ್ಬರು.

ಗೆದ್ದ ಗಳಿಗೆಯಲ್ಲೇ ಎದ್ದು ಹೋಗುವುದು ಎಲ್ಲರಿಗೂ ಆಗುತ್ತದೆಯೇ? ನಮ್ಮ ಪಿ.ಟಿ. ಮಾಸ್ತರರು ನಿವೃತ್ತರಾಗಿ ಐದು ವರ್ಷವಾಯಿತು. ಇವತ್ತು ಸಂಜೆಯೂ ಬಲೆ ಹರಿದ ರಿಂಗಿನ ಕೆಳಗೆ ನಿಂತಿದ್ದರು, ಕೊರಳಲ್ಲಿ ಅದೇ ಸೀಟಿ.