ಬಿದ್ದ ಹೆಮ್ಮರಕ್ಕೆ ಗರಗಸ ಹಾಕುವ ಮುಂಚೆ

ಮರ ಕೊಯ್ಯುವುದೇ ನನ್ನ ಕೆಲಸ. ಮರ ಬಿದ್ದ ಜಾಗಕ್ಕೇ ಬ್ಯಾಂಡ್ ಸಾ ಮಿಲ್, ಅಂದರೆ ಪಟ್ಟಿ ಗರಗಸದ ಯಂತ್ರ, ಎಳೆದುಕೊಂಡು ಹೋಗಿ ಅಲ್ಲೇ ದಿಮ್ಮಿಯನ್ನು ಹಲಗೆ ಮಾಡಿ ಕೊಡುತ್ತೇನೆ. ಬಹುಪಾಲು ಮಾಮೂಲಿ ಮರಗಳೇ. ಆಗೊಮ್ಮೆ ಈಗೊಮ್ಮೆ ಹೆಸರಿರುವ ಮರ ಬರುತ್ತದೆ. ನೂರಾರು ವರ್ಷ ನಿಂತಿದ್ದ ಮರ, ಜನ ಅದರ ಗುರುತಿನ ಮೇಲೇ ದಾರಿ ಹೇಳುತ್ತಿದ್ದ ಮರ, ಒಂದು ಗಾಳಿಮಳೆಗೆ ಬೇರು ಸಮೇತ ಮಲಗಿರುತ್ತದೆ. ಅಂಥ ಮರದ ಮುಂದೆ ಎಷ್ಟು ಘನ ಅಡಿ ಸಿಗುತ್ತದೆ ಅನ್ನುವ ನಮ್ಮ ದಿನದ ಲೆಕ್ಕ ನಡೆಯುವುದಿಲ್ಲ. ಹಾಳಾದರೆ ಇನ್ನೊಂದು ತರೋಣ ಅನ್ನುವ ಹಾಗಿಲ್ಲ, ಅಲ್ವಾ?

ಈ ಕೆಲಸ ಕಲಿಸಿದ್ದು ಮುಖ್ಯವಾಗಿ ಒಂದು ವಿಷಯ. ಮರ ಕೆಡದಂತೆ ಕಾಯುವುದು ಒಂದು ತೀರ್ಮಾನ, ಅದರಿಂದ ಏನು ಮಾಡುವುದು ಅನ್ನುವುದು ಬೇರೆಯೇ ತೀರ್ಮಾನ. ಮೊದಲನೆಯದು ಮರ ಬಿದ್ದ ಒಂದೆರಡು ದಿನದಲ್ಲೇ ಆಗಬೇಕು. ಎರಡನೆಯದಕ್ಕೆ ವರ್ಷ ಹಿಡಿದರೂ ನಷ್ಟವಿಲ್ಲ. ಆದರೆ ಜನ ಎರಡನ್ನೂ ಒಂದೇ ಸಭೆಯಲ್ಲಿ ಇಟ್ಟುಕೊಳ್ಳುತ್ತಾರೆ. ಬೆಂಚು ಮಾಡಿಸೋಣ ಅಂತ ಒಬ್ಬರು, ಮೂರ್ತಿ ಕೆತ್ತಿಸೋಣ ಅಂತ ಇನ್ನೊಬ್ಬರು, ಹಾಗೇ ಬಿಡೋಣ ಅಂತ ಮತ್ತೊಬ್ಬರು. ಎಲ್ಲರದ್ದೂ ನಿಜವಾದ ಪ್ರೀತಿಯೇ. ಆದರೆ ಮಾತು ಮುಗಿಯುವಷ್ಟರಲ್ಲಿ ದಿಮ್ಮಿಯ ತುದಿ ಬಿಸಿಲಿಗೆ ಆಳವಾಗಿ ಸೀಳಿರುತ್ತದೆ.

ಯಾಕೆ ಸೀಳುತ್ತದೆ ಅಂದರೆ, ಮರದೊಳಗೆ ನೀರು ಹರಿಯುವ ಕೊಳವೆಗಳು ಇರುವುದು ಉದ್ದಕ್ಕೆ. ಅವುಗಳ ಬಾಯಿ ತೆರೆಯುವುದು ಕತ್ತರಿಸಿದ ತುದಿಯಲ್ಲಿ. ಅಲ್ಲಿಂದ ನೀರು ಪಕ್ಕದ ಮೈಗಿಂತ 10ರಿಂದ 15 ಪಟ್ಟು ಬೇಗ ಹೊರಗೆ ಹೋಗುತ್ತದೆ. ತುದಿ ಒಣಗಿ ಕುಗ್ಗಲು ನೋಡುತ್ತದೆ, ಒಳಗಿನ ಹಸಿ ಮರ ಬಿಡುವುದಿಲ್ಲ, ಈ ಎಳೆದಾಟದಲ್ಲಿ ಬಿರುಕು ಬರುತ್ತದೆ. ಅದಕ್ಕೇ ಕತ್ತರಿಸಿದ ದಿನವೇ ತುದಿಗೆ ಮೇಣ ಹಚ್ಚಬೇಕು, ಮೇಣ ಸಿಗದಿದ್ದರೆ ದಪ್ಪನೆಯ ಬಣ್ಣವಾದರೂ ಆದೀತು. ದಿಮ್ಮಿಯನ್ನು ಮಣ್ಣಿಂದ ಎತ್ತಿ ಅಡ್ಡ ಇಟ್ಟ ಮರದ ತುಂಡುಗಳ ಮೇಲೆ ಕೂರಿಸಬೇಕು, ನೆರಳು ಮಾಡಬೇಕು. ಮತ್ತೆ ಎಷ್ಟು ಉದ್ದ ಇಡಲು ಸಾಧ್ಯವೋ ಅಷ್ಟು ಉದ್ದ ಇಡಬೇಕು. ಸಾಗಿಸಲು ಸುಲಭ ಅಂತ ಸುಮ್ನೆ ಸಣ್ಣ ತುಂಡು ಮಾಡಿದರೆ ಪ್ರತಿ ತುಂಡಿಗೂ ಎರಡು ಹೊಸ ತುದಿ, ಅಂದರೆ ಬಿರುಕಿಗೆ ಎರಡು ಹೊಸ ಬಾಗಿಲು.

ಅದೇ ದಿನಗಳಲ್ಲಿ ಆಗಬೇಕಾದ ಇನ್ನೊಂದು ಕೆಲಸವನ್ನು ಬಹಳ ಜನ ಮರೆಯುತ್ತಾರೆ. ಬಿದ್ದ ಮರದ ಎಳೆ ಕೊಂಬೆಗಳು ಕೆಲವು ದಿನ ಜೀವಂತವಾಗಿಯೇ ಇರುತ್ತವೆ. ಕಸಿ ಕಟ್ಟಲು ಬಲ್ಲವರನ್ನು ಕರೆಸಿ ಕಡ್ಡಿ, ಮೊಗ್ಗು, ಬೀಜ ತೆಗೆಸಿಕೊಳ್ಳಬೇಕು. 2023ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನಲ್ಲಿ ರೋಮನ್ನರ ಕಾಲದ ಹೇಡ್ರಿಯನ್ ಗೋಡೆಯ ಪಕ್ಕದ ಸಿಕಮೋರ್ ಗ್ಯಾಪ್ ಮರವನ್ನು ರಾತ್ರೋರಾತ್ರಿ ಕಡಿದುಹಾಕಿದಾಗ ಆ ಜಾಗ ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯವರು ಬೀಜ ಮತ್ತು ಕಡ್ಡಿಗಳನ್ನು ಬೇಗ ಸಂಗ್ರಹಿಸಿದ್ದರಿಂದಲೇ ಆಮೇಲೆ ಸಸಿಗಳನ್ನು ಹಂಚಲು ಆಯಿತು. ಎಲೆ ಬಾಡಿ ಹೋದ ಮೇಲೆ ನೆನಪಾದರೆ ಪ್ರಯೋಜನವಿಲ್ಲ.

ಬೇರು ಸಮೇತ ಬಿದ್ದ ಮರದ ವಿಷಯದಲ್ಲಿ ಒಂದು ಎಚ್ಚರಿಕೆ. ಕಾಂಡದ ಭಾರಕ್ಕೇ ಬೇರಿನ ಗಡ್ಡೆ ಮೇಲೆದ್ದು ನಿಂತಿರುತ್ತದೆ. ಕಾಂಡ ಕತ್ತರಿಸಿದ ಕ್ಷಣ ಅದು ವಾಪಸ್ ಗುಂಡಿಗೆ ಬೀಳಬಹುದು. ಆ ಗುಂಡಿಯ ಹತ್ತಿರ ಮಕ್ಕಳು, ಫೋಟೋ ತೆಗೆಯುವವರು ನಿಂತಿದ್ದರೆ ನಾನು ಚೈನ್ ಸಾ ಮುಟ್ಟುವುದೇ ಇಲ್ಲ. ನೆಲಕ್ಕೆ ಒತ್ತಿಕೊಂಡು ಬಿಲ್ಲಿನಂತೆ ಬಾಗಿದ ಕೊಂಬೆಗಳೂ ಅಷ್ಟೇ ಅಪಾಯ.

ಹೆಸರಿರುವ ಮರದಲ್ಲಿ ಕಬ್ಬಿಣ ಇದ್ದೇ ಇರುತ್ತದೆ ಅಂತ ಇಟ್ಟುಕೊಳ್ಳಿ. ಜನ ಸೇರುವ ಕಡೆ ಬೋರ್ಡ್ ಹೊಡೆದಿರುತ್ತಾರೆ, ತಂತಿ ಕಟ್ಟಿರುತ್ತಾರೆ, ದೀಪ ನೇತುಹಾಕಿರುತ್ತಾರೆ, ದೊಡ್ಡ ಕೊಂಬೆ ಮುರಿಯದಿರಲಿ ಅಂತ ಸರಳು ತೂರಿಸಿ ಬಿಗಿದಿರುತ್ತಾರೆ. ಮರ ಬೆಳೆದ ಹಾಗೆ ಮೊಳೆ ಮೇಲಕ್ಕೆ ಹೋಗುವುದಿಲ್ಲ. ಹೊಡೆದ ಎತ್ತರದಲ್ಲೇ ಇರುತ್ತದೆ, ಮರ ಅದನ್ನು ಹೊರಗಿನಿಂದ ನುಂಗುತ್ತಾ ಹೋಗುತ್ತದೆ. ಹಾಗಾಗಿ ಬುಡದಿಂದ ಆಳೆತ್ತರದವರೆಗಿನ ಭಾಗ, ಅಂದರೆ ಅತಿ ಅಗಲದ ಒಳ್ಳೆಯ ಹಲಗೆ ಸಿಗುವ ಜಾಗವೇ, ಮೊಳೆ ಜಾಸ್ತಿ ಇರುವ ಜಾಗ. ಕೈಯಲ್ಲಿ ಹಿಡಿಯುವ ಮೆಟಲ್ ಡಿಟೆಕ್ಟರ್ ಕೆಲವೇ ಅಂಗುಲ ಆಳ ನೋಡುತ್ತದೆ. ಅದಕ್ಕೆ ತೊಗಟೆಯ ಮೇಲೆ ಒಮ್ಮೆ ಆಡಿಸಿ ಸಾಕು ಮಾಡಬಾರದು, ಪ್ರತಿ ಹಲಗೆ ತೆಗೆದ ಮೇಲೂ ಹೊಸ ಮೈಯನ್ನು ಮತ್ತೆ ನೋಡಬೇಕು. ಓಕ್‌ನಂಥ ಒಗರಿನ ಮರದಲ್ಲಿ ಕಬ್ಬಿಣದ ಸುತ್ತ ನೀಲಿಗಪ್ಪು ಕಲೆ ಹರಡಿರುತ್ತದೆ. ಆ ಕಲೆ ಕಂಡರೆ ಮಿಲ್ ನಿಲ್ಲಿಸಿ, ಉಳಿಯಿಂದ ಬಿಡಿಸಿ ಮೊಳೆ ತೆಗೆಯಿರಿ. ಕಲೆ ಇರುವ ಹಲಗೆಯನ್ನು ಬಿಸಾಡಬೇಡಿ ಅಂತ ಮಾತ್ರ ಕೇಳಿಕೊಳ್ಳುತ್ತೇನೆ. ಆ ಮರದ ಜೊತೆ ಜನ ಬದುಕಿದ ಗುರುತು ಅದು.

ಪೊಟರೆಗಳ ಕಥೆ ಬೇರೆ. ಹಿಂದೆ ಹಳೆಯ ಮರಗಳ ಪೊಟರೆಗೆ ಸಿಮೆಂಟ್ ಕಾಂಕ್ರೀಟ್ ತುಂಬುವ ಪದ್ಧತಿ ಇತ್ತು. ಅಮೆರಿಕದ ಅನಾಪೊಲಿಸ್‌ನ ಸೇಂಟ್ ಜಾನ್ಸ್ ಕಾಲೇಜಿನ ಲಿಬರ್ಟಿ ಟ್ರೀ ಅನ್ನುವ ಹಳೆಯ ಮರಕ್ಕೂ 20ನೇ ಶತಮಾನದ ಆರಂಭದಲ್ಲಿ ಹಾಗೆ ತುಂಬಿದ್ದರು. 1999ರ ಫ್ಲಾಯ್ಡ್ ಚಂಡಮಾರುತಕ್ಕೆ ಆ ಮರ ಸೀಳಿತು, ಅಕ್ಟೋಬರ್‌ನಲ್ಲಿ ಕಡಿಯಬೇಕಾಯಿತು. ಅದರ ಮರದಿಂದ ಟೇಲರ್ ಕಂಪನಿ ಗಿಟಾರ್‌ಗಳನ್ನು ಮಾಡಿತು. ಟೊಳ್ಳು ಮರದಿಂದಲೂ ಇಷ್ಟು ಚೆನ್ನಾದದ್ದು ಬರುತ್ತದೆ, ಆದರೆ ಹೊರಗಿನ ಗಾತ್ರ ನೋಡಿ ಆಸೆ ಕಟ್ಟಿಕೊಂಡವರಿಗೆ ಒಳಗೆ ಎಷ್ಟು ಗಟ್ಟಿ ಮರ ಉಳಿದಿದೆ ಅಂತ ಮೊದಲೇ ಹೇಳಿಬಿಡುವುದು ಕೊಯ್ಯುವವನ ಜವಾಬ್ದಾರಿ.

ಇನ್ನು ಹಲಗೆ ಕೊಯ್ಯುವ ವಿಷಯ. ಏನು ಮಾಡುತ್ತಾರೆ ಅಂತ ತೀರ್ಮಾನ ಆಗಿಲ್ಲದಿದ್ದರೆ ದಪ್ಪ ಕೊಯ್ಯಿರಿ. ಮೂರು ಅಂಗುಲದ ಹಲಗೆಯನ್ನು ಆಮೇಲೆ ಸೀಳಿ ಒಂದು ಅಂಗುಲ ಮಾಡಬಹುದು, ಒಂದು ಅಂಗುಲವನ್ನು ಮೂರು ಮಾಡಲು ಆಗುವುದಿಲ್ಲ. ದಪ್ಪ ಹಲಗೆ ಒಣಗಲು ಜಾಸ್ತಿ ಸಮಯ ಬೇಕು ನಿಜ, ಆದರೆ ಆ ಸಮಯವೇ ಸಭೆಗಳಿಗೆ ಬೇಕಾಗಿರುವುದು. ನಡುವಿನ ತಿರುಳನ್ನು ಮಾತ್ರ ಯಾವ ದಪ್ಪ ಹಲಗೆಯೊಳಗೂ ಬಿಡಬಾರದು. ಮರ ತನ್ನೊಳಗಿನ ವರ್ಷದ ಉಂಗುರಗಳ ಸುತ್ತಿನ ದಿಕ್ಕಿನಲ್ಲಿ ಕುಗ್ಗುವುದು ನಡುವಿನಿಂದ ಹೊರಕ್ಕೆ ಹೋಗುವ ದಿಕ್ಕಿನಲ್ಲಿ ಕುಗ್ಗುವುದರ ಸುಮಾರು ಎರಡರಷ್ಟು. ತಿರುಳು ಒಳಗೇ ಉಳಿದರೆ ಈ ವ್ಯತ್ಯಾಸಕ್ಕೆ ಎಲ್ಲೋ ಒಂದು ಕಡೆ ಬಾಯಿ ಬಿಡಲೇಬೇಕು. ಕವಲೊಡೆದ ಭಾಗವನ್ನು ಎರಡೂ ಕವಲು ಒಂದೇ ಹಲಗೆಯಲ್ಲಿ ಬರುವಂತೆ ಕೊಯ್ದರೆ ನಾರು ಹೆಣೆದುಕೊಂಡ ಅತಿ ಸುಂದರ ಹಲಗೆ ಸಿಗುತ್ತದೆ, ಅದನ್ನು ಸೌದೆಗೆ ಹಾಕುವುದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ನಂಬರ್ ಹಾಕುವುದನ್ನು ನಾನು ಗರಗಸದಷ್ಟೇ ಮುಖ್ಯ ಅಂತ ನಂಬುತ್ತೇನೆ. ಯಾವ ದಿಮ್ಮಿ, ಎಷ್ಟನೇ ಹಲಗೆ, ಬುಡ ಯಾವ ಕಡೆ, ಇಷ್ಟನ್ನು ಹಲಗೆ ಮಿಲ್ಲಿನಿಂದ ಇಳಿಯುವ ಮುಂಚೆಯೇ ಬರೆದು, ಲೋಹದ ಬಿಲ್ಲೆ ಹೊಡೆದು, ಫೋಟೋ ತೆಗೆದಿಡಬೇಕು. ಮರ ಬಿದ್ದಾಗ ಎಲ್ಲರಿಗೂ ಅದು ಗೊತ್ತು, ಒಣಗಿದ ಹಲಗೆಯಾಗಿ ಗೋದಾಮಿನಲ್ಲಿ ಕೂತಾಗ ಅದು ಯಾವ ಮರವೂ ಆಗಬಹುದು. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಚಾರ್ಟರ್ ಓಕ್ ಮರ 1856ರ ಆಗಸ್ಟ್‌ನಲ್ಲಿ ಬಿರುಗಾಳಿಗೆ ಬಿತ್ತು, ಅದರ ಮರದಿಂದ ಮಾಡಿದ ಕುರ್ಚಿಗಳು ಇವತ್ತಿಗೂ ಇವೆ. ಅಲ್ಲಿನದೇ ಮೇರಿಲ್ಯಾಂಡ್ ರಾಜ್ಯದ ವೈ ಓಕ್ ಮರ 2002ರ ಜೂನ್‌ನಲ್ಲಿ ಬಿತ್ತು, ಅದರಿಂದ ಆ ರಾಜ್ಯದ ಗವರ್ನರ್‌ಗೆ ಮೇಜು ಮಾಡಿದರು. ಇಂಥ ವಸ್ತುವಿಗೆ ಬೆಲೆ ಬರುವುದು ಅದು ಆ ಮರದ್ದೇ ಅನ್ನುವ ದಾಖಲೆ ಇದ್ದಾಗ. ಬುಡದಿಂದ ಅಡ್ಡಕ್ಕೆ ಕೊಯ್ದ ಒಂದು ದುಂಡು ತುಂಡನ್ನು, ಉಂಗುರ ಎಣಿಸಿ ಮರದ ವಯಸ್ಸು ಓದುವವರಿಗಾಗಿ ಬೇರೆಯೇ ತೆಗೆದಿಡಿ. ನೆನಪಿನ ತುಂಡು ಬೇಕು ಅಂತ ಕೇಳುವವರಿಗೆ ಕೊಂಬೆಗಳಿಂದ ಕೊಡಿ, ಕಾಂಡವನ್ನು ಮುಟ್ಟಬೇಡಿ.

ಕೊನೆಯ ಜಗಳ ಯಾವಾಗಲೂ ಒಣಗಿಸುವುದರ ಮೇಲೆ. ಹಸಿ ಮರದಲ್ಲಿ ನೀರಿನ ತೂಕ ಕೆಲವು ಸಲ ಒಣ ಮರದ ತೂಕವನ್ನೇ ಮೀರಿರುತ್ತದೆ. ಆ ನೀರಿನಲ್ಲಿ ಹೆಚ್ಚಿನ ಪಾಲು ಹೋದರೂ ಮರ ಕುಗ್ಗುವುದಿಲ್ಲ. ತೇವಾಂಶ, ಅಂದರೆ ಒಣ ಮರದ ತೂಕಕ್ಕೆ ಹೋಲಿಸಿದ ನೀರಿನ ತೂಕ, ಸುಮಾರು ಶೇಕಡಾ 30ಕ್ಕಿಂತ ಕೆಳಗೆ ಇಳಿದ ಮೇಲೆಯೇ ಕುಗ್ಗುವುದು, ಬಾಗುವುದು ಎಲ್ಲ ಶುರು. ಹಲಗೆಗಳ ನಡುವೆ ಒಂದೇ ದಪ್ಪದ ಒಣ ರೀಪುಗಳನ್ನು ಒಂದರ ನೇರಕ್ಕೆ ಒಂದು ಬರುವಂತೆ ಇಟ್ಟು, ಮೇಲೆ ಭಾರ ಹೇರಿ, ಗಾಳಿಯಾಡುವ ನೆರಳಲ್ಲಿ ಬಿಡಬೇಕು. ಒಂದು ಅಂಗುಲ ದಪ್ಪಕ್ಕೆ ಸುಮಾರು ಒಂದು ವರ್ಷ ಅನ್ನುವುದು ನಮ್ಮ ಕಸುಬಿನ ಅಂದಾಜು, ಮರದ ಜಾತಿ ಮತ್ತು ಹವೆ ನೋಡಿ ಹೆಚ್ಚುಕಡಿಮೆ ಆಗುತ್ತದೆ. ಆಮೇಲೆ ಬಿಸಿ ಕೋಣೆಯಲ್ಲಿಟ್ಟು ಮುಗಿಸಿದರೆ ಒಳಗಿನ ಹುಳಗಳೂ ಸಾಯುತ್ತವೆ. ಅಷ್ಟರಲ್ಲಿ ಉದ್ಘಾಟನೆಗೆ ದಿನ ಗೊತ್ತು ಮಾಡಿ, ಮುಂದಿನ ತಿಂಗಳು ಮೇಜು ಬೇಕು ಅಂತ ಫೋನ್ ಬರುತ್ತದೆ. ತೇವಾಂಶದ ಮೀಟರ್ ಶೇಕಡಾ 12ರ ಆಸುಪಾಸು ತೋರಿಸದೆ ನಾನು ಬಡಗಿಗೆ ಹಲಗೆ ಒಪ್ಪಿಸುವುದಿಲ್ಲ. ಕೇಳಿದವರು ಎಷ್ಟೇ ದೊಡ್ಡವರಾದರೂ ದಿನ ಮುಂದಕ್ಕೆ ಹಾಕಿ ಅಂತಲೇ ಹೇಳುತ್ತೇನೆ.