ಶಾಯಿಯ ಗುರುತಿಲ್ಲದ ಮೊದಲ ಮತ

2025ರ ಮಾರ್ಚ್ ಮೊದಲ ವಾರದ ಸಂಜೆ. ಜಿನೀವಾದ ನಮ್ಮ ಕಟ್ಟಡದ ಅಂಚೆ ಡಬ್ಬಿಯಲ್ಲಿ ನನ್ನ ಹೆಸರಿನ ದಪ್ಪ ಲಕೋಟೆಯೊಂದಿತ್ತು. ಒಳಗೆ ನಗರ ಚುನಾವಣೆಯ ಮತಪತ್ರ. ಮೆಟ್ಟಿಲ ಮೇಲೆಯೇ ಕುಳಿತು ಒಡೆದು ನೋಡಿದೆ.

2016ರಲ್ಲಿ ಪಿಎಚ್.ಡಿ.ಗೆಂದು ಮೈಸೂರಿನಿಂದ ಬಂದವಳು ನಾನು. ಈಗ ಇಲ್ಲಿಯೇ ಮಾನವ ಹಕ್ಕು ಮತ್ತು ರಾಜಕೀಯ ತತ್ತ್ವಶಾಸ್ತ್ರ ಬೋಧಿಸುತ್ತೇನೆ. ಕೆಲಸ ಗುತ್ತಿಗೆಯದು, ಅದು ಮುಂದುವರಿದರೆ ವಾಸದ ಪರವಾನಗಿಯೂ ಮುಂದುವರಿಯುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ ಎಂಟು ವರ್ಷ ಬಾಳಿದ ವಿದೇಶಿಯರು ಸ್ಥಳೀಯವಾಗಿ ಮತ ಹಾಕಬಹುದೆಂದು ಜಿನೀವಾದ ಮತದಾರರು 2005ರ ಜನಮತಗಣನೆಯಲ್ಲಿ ಒಪ್ಪಿದರು. ಅದೇ ದಿನ, ವಿದೇಶಿಯರು ಅಭ್ಯರ್ಥಿಗಳಾಗಬಹುದೆಂಬ ಇನ್ನೊಂದು ಪ್ರಸ್ತಾವವನ್ನು ತಳ್ಳಿಹಾಕಿದರು. ಆರಿಸಬಹುದು, ಆರಿಸಿ ಬರುವಂತಿಲ್ಲ. ಈ ಅರ್ಧ ಬಾಗಿಲಿನ ಬಗ್ಗೆ ನನ್ನ ತರಗತಿಯಲ್ಲಿ ಪ್ರತಿ ವರ್ಷ ಜೋರು ಚರ್ಚೆಯಾಗುತ್ತದೆ.

ಯಹೂದಿ ಮೂಲದ ರಾಜಕೀಯ ಚಿಂತಕಿ ಹನ್ನಾ ಅರೆಂಟ್ 1933ರಲ್ಲಿ ನಾಜಿ ಜರ್ಮನಿಯಿಂದ ಪಾರಾಗಿ ಪ್ಯಾರಿಸ್ ಸೇರುವ ಮುನ್ನ ಹಾದುಹೋದದ್ದು ಇದೇ ಊರಿನಿಂದ. ಮುಂದೆ 1937ರಿಂದ 1951ರವರೆಗೆ ಅವರಿಗೆ ಯಾವ ದೇಶದ ಪೌರತ್ವವೂ ಇರಲಿಲ್ಲ. 'ಹಕ್ಕುಗಳನ್ನು ಹೊಂದುವ ಹಕ್ಕು' ಎಂಬ ಅವರ ಮಾತು ಗ್ರಂಥಾಲಯದಲ್ಲಿ ಹುಟ್ಟಿದ್ದಲ್ಲ. ಮನುಷ್ಯಳಾಗಿದ್ದರೆ ಸಾಲದು, ನಿನ್ನನ್ನು ತನ್ನವಳೆನ್ನುವ ಒಂದು ಸಮುದಾಯ ಬೇಕು ಎಂಬುದು ಅದರ ತಿರುಳು. ನಿರಾಶ್ರಿತರ ಶಿಬಿರದಲ್ಲಿ ಬೆಳೆದ ವಿದ್ಯಾರ್ಥಿಯೊಬ್ಬ ಆ ಪುಟವನ್ನು ಓದಿ ಬಹಳ ಹೊತ್ತು ಮಾತನಾಡಲಿಲ್ಲ. ಆ ದಿನ ನಾನೂ ಪಾಠ ಮುಂದುವರಿಸಲಿಲ್ಲ.

ನನಗೆ ಪಾಸ್‌ಪೋರ್ಟ್ ಇದೆ, ಊರಿದೆ. ಅವನ ಕಷ್ಟಕ್ಕೆ ನನ್ನದನ್ನು ಹೋಲಿಸಲಾರೆ. ಆದರೂ ಒಂಬತ್ತು ವರ್ಷ ನಾನು ಎಲ್ಲಿಯೂ ಮತ ಹಾಕಿರಲಿಲ್ಲ. ಹೊರದೇಶದಲ್ಲಿರುವ ಭಾರತೀಯ ನಾಗರಿಕರು ಮತದಾರರ ಪಟ್ಟಿಗೆ ಸೇರಲು 2010ರ ತಿದ್ದುಪಡಿ ಅವಕಾಶ ಕೊಟ್ಟಿತು. ಮತ ಹಾಕಲು ಮಾತ್ರ ಖುದ್ದು ಮತಗಟ್ಟೆಗೇ ಬರಬೇಕು. 2018ರಲ್ಲಿ, 2023ರಲ್ಲಿ ಕರ್ನಾಟಕ ಮತ ಹಾಕಿದ್ದು ಮೇ ತಿಂಗಳಲ್ಲಿ, ನಮ್ಮಲ್ಲಿ ತರಗತಿಗಳು ನಡೆಯುತ್ತಿದ್ದಾಗ. ಅಂಚೆಯ ಮೂಲಕ ಮತ ಹಾಕುವ ವ್ಯವಸ್ಥೆ ನಮಗೂ ಬೇಕೆಂದು ನಾನು ಇಂದಿಗೂ ವಾದಿಸುತ್ತೇನೆ.

ಮೂರು ದಿನ ಅಭ್ಯರ್ಥಿಗಳ ಪಟ್ಟಿ ಓದಿದೆ. ಬಾಡಿಗೆ ಮನೆಗಳ ಬಗ್ಗೆ ಯಾರು ಏನು ಹೇಳಿದ್ದಾರೆಂದು ನೋಡಿ ಗುರುತು ಹಾಕಿ, ಸಹಿ ಮಾಡಿ, ಲಕೋಟೆಯನ್ನು ಅಂಚೆ ಪೆಟ್ಟಿಗೆಗೆ ಹಾಕಿದೆ.

ರಾತ್ರಿ ವಿಡಿಯೊ ಕರೆಯಲ್ಲಿ ಅಮ್ಮನಿಗೆ ಹೇಳಿದಾಗ, "ಎಲ್ಲಿ, ಬೆರಳು ತೋರಿಸು" ಎಂದರು. 1962ರಿಂದ ದೇಶದ ಚುನಾವಣೆಗಳಿಗೆ ಶಾಯಿ ತಯಾರಿಸುವ ಊರಿನವರು ಕೇಳಲೇಬೇಕಾದ ಮಾತು. ಇಲ್ಲಿ ಶಾಯಿ ಹಚ್ಚುವುದಿಲ್ಲ ಎಂದೆ.

"ಆದರೂ ತೋರಿಸು" ಎಂದರು ಅಮ್ಮ. ಎಡಗೈ ತೋರುಬೆರಳನ್ನು ಕ್ಯಾಮೆರಾದ ಮುಂದೆ ಹಿಡಿದೆ.